ಹೊಗಳದ ಮಗು

ಅಜ್ಜಂಪುರ
14 ಸೆಪ್ಟೆಂಬರ್ 2023

ಪ್ರತಿಮಾ,

ಕೈಯಲ್ಲಿ ಫೋನು ಇಟ್ಟುಕೊಂಡು ಅತ್ತೆ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿನಗೆ ಆಶ್ಚರ್ಯವಾದೀತು. ಭಾನುವಾರ ನೀನು ಸಕಲೇಶಪುರಕ್ಕೆ ಇಳಿದು ಫೋನು ಮಾಡಿದೆಯಲ್ಲ, ನಿನ್ನ ಧ್ವನಿ ಕೇಳಿದ್ದೇ ತಡ, ನಿನ್ನ ಮಗ ಕರಿಯ ನನ್ನ ಕೈಯಿಂದ ಫೋನು ಕಿತ್ತುಕೊಂಡು ಅದರ ಬೆನ್ನು ತಿರುಗಿಸಿ ನೋಡಿದ. ಅಲ್ಲಿ ನೀನಿರಲಿಲ್ಲ. ಬೀರುವಿನ ಹಿಂದೆ ಹುಡುಕಿದ, ಬಾಗಿಲ ಸಂದಿಯಲ್ಲಿ ಹುಡುಕಿದ. ಆಮೇಲೆ ಶುರುವಾಯಿತು ನೋಡು ರಾಗ. ಎರಡು ದಿನ ಬಾಯಿಗೆ ತುತ್ತು ಇಡಲಿಲ್ಲ. ನಿನ್ನ ಮಾವ, "ಅವ್ಳಿಗೆ ಫೋನ್ ಮಾಡ್ಬೇಡ ಅಂತ ಹೇಳ್ಬಿಡೇ. ಹೇಳೋಕೆ ನಂಗಂತೂ ಬಾಯ್ ಬರಲ್ಲ" ಎಂದರು. ನನಗೂ ಬಾಯಿ ಬರಲಿಲ್ಲ, ಅದಕ್ಕೇ ಕಾಗದ. ಇಪ್ಪತ್ತೆಂಟು ವರ್ಷ ಅಂಗನವಾಡಿಯ ರಿಜಿಸ್ಟರು ಬರೆದ ಕೈ ಇದು, ನಿವೃತ್ತಿಯಾದ ಮೇಲೆ ಸುಮ್ಮನೆ ಕೂತಿತ್ತು.

ನಿನ್ನ ಮಗನ ವಿಷಯ ಏನೆಂದು ಬರೆಯಲಿ. ಕಪ್ಪು ಬಾಣಲೆಯ ತಳದ ಹಾಗಿದ್ದಾನೆ. ತಿನ್ನುವುದಿಲ್ಲ, ಮೈ ಹತ್ತುವುದಿಲ್ಲ. ನಡೆದರೆ ಬಾತುಕೋಳಿ. ಇಂಥ ಕೆಟ್ಟ ಮೂತಿಯ ಮಗುವನ್ನು ಯಾರೂ ಎತ್ತಿಕೊಳ್ಳುವುದಿಲ್ಲ.

ಫೋಟೊ ಕಳಿಸಿ ಎಂದು ನೀನು ಕೇಳಿದ್ದೆ. ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಿನಗೇ ಗೊತ್ತಿದೆ. ಇವನು ಹುಟ್ಟಿದಾಗ "ಮಗನಿಗೆ ರೈಲ್ವೆ ಕೆಲಸ, ಮೊದಲನೆಯದೇ ಮುದ್ದಾದ ಗಂಡು, ನಮ್ಮಂಥ ಪುಣ್ಯವಂತರು ಯಾರಿದ್ದಾರೆ" ಎಂದು ಬೀದಿಗೆಲ್ಲ ಮೈಸೂರುಪಾಕು ಹಂಚಿದವಳು ನಾನು. ಎರಡೇ ತಿಂಗಳಿಗೆ ನನ್ನ ಹಾಲೇಶ ತರೀಕೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಹೋದ. ಆವತ್ತಿನಿಂದ ನನ್ನ ಬಾಯಿಗೆ ನಾನೇ ಹೆದರುತ್ತೇನೆ. ಮಗುವನ್ನು ನಾನು ಹೊಗಳುವುದಿಲ್ಲ, ಯಾರಿಗೂ ಹೊಗಳಲು ಬಿಡುವುದಿಲ್ಲ. ಕ್ಷೇಮ ಎಂದೂ ಬರೆಯುವುದಿಲ್ಲ.

ಉಪ್ಪಿನಕಾಯಿ ಮುಗಿದರೆ ಹೇಳು.

ನಿನ್ನ ಅತ್ತೆ
ಅಂಜಿನಮ್ಮ


ಘಟ್ಟದ ಸ್ಟೇಷನ್
24 ಸೆಪ್ಟೆಂಬರ್ 2023

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಸಕಲೇಶಪುರಕ್ಕೆ ಬಂದು, ಅಲ್ಲಿ ಎರಡು ದಿನ ಕೂತು, ಗೂಡ್ಸ್ ಗಾಡಿಯ ಗಾರ್ಡಿನ ಕೈಯಲ್ಲಿ ಇಲ್ಲಿಗೆ ಬಂತು. ಈ ಸ್ಟೇಷನ್ನಿಗೆ ರಸ್ತೆ ಇಲ್ಲ, ಹಳಿಯೇ ರಸ್ತೆ. ಎರಡೂ ಕಡೆ ಸುರಂಗ. ಫೋನಿಗೆ ಸಿಗ್ನಲ್ ಇಲ್ಲ. ಸ್ಟೇಷನ್ ಮಾಸ್ಟರ ಮೇಜಿನ ಮೇಲೆ ಕಂಟ್ರೋಲ್ ಫೋನು ಇದೆ, ಅದು ಗಾಡಿಗಳ ಮಾತಿಗೆ ಮಾತ್ರ. ನಾವು ಐದು ಜನ. ಪಾಯಿಂಟ್ಸ್‌ಮನ್ ಕೆಲಸಕ್ಕೆ ನಾನು ಮತ್ತು ಹಾಸನದ ಕಡೆಯ ಧರ್ಮೇಶ್. ಗಾಡಿ ಬಂದಾಗ ಹಸಿರು ಬಾವುಟ ಹಿಡಿದು ನಿಲ್ಲುತ್ತೇನೆ. ನಿಮ್ಮ ಮಗನಿಗೆ ಸಿಕ್ಕ ಕೆಲಸ ಅವರು ಹೋದದ್ದರಿಂದ ನನಗೆ ಸಿಕ್ಕಿತು. ಬಾವುಟ ಹಿಡಿದಾಗಲೆಲ್ಲ ಅದೇ ನೆನಪು.

ಫೋನು ಮಾಡುವುದಿಲ್ಲ, ಆಯಿತು. ಆವತ್ತು ಅವನು ಅಳುವುದು ನನಗೂ ಕೇಳಿಸಿತ್ತು. ಸಕಲೇಶಪುರ ಸ್ಟೇಷನ್ನಿನ ಬೆಂಚಿನ ಮೇಲೆ ನಾನೂ ಅಷ್ಟೇ ಹೊತ್ತು ಅಳುತ್ತ ಕೂತಿದ್ದೆ. ವಾರದ ರಜೆಗೆ ಇಳಿದಾಗ ಫೋನು ತೆರೆದು ಇಟ್ಟುಕೊಂಡಿರುತ್ತೇನೆ, ತುರ್ತು ಇದ್ದರೆ ಮಾವ ಮಾಡಲಿ. ಬರೀ ಮಾತಿಗೆ ಬೇಡ.

ಮಗು ಹೇಗಿದೆ ಎಂದು ನೀವು ಬರೆದ ಸಾಲುಗಳನ್ನು ಮೂರು ಸಲ ಓದಿದೆ. ನನ್ನ ಅವ್ವನೂ ಹೀಗೇ ಕಣ್ರೀ ಅತ್ತೆ. ಮೈ ತುಂಬಿಕೊಂಡ ಮಗುವನ್ನು "ಒಣಗಿ ಹೋಗೈತೆ" ಅನ್ನೋಳು. ನಿಮ್ಮ ಕಾಗದವನ್ನು ತಿರುಗಿಸಿ ಓದುವುದು ನನಗೆ ಗೊತ್ತು. ತಿನ್ನುವುದಿಲ್ಲ ಎಂದರೆ ಚೆನ್ನಾಗಿ ತಿನ್ನುತ್ತಾನೆ. ಯಾರೂ ಎತ್ತಿಕೊಳ್ಳುವುದಿಲ್ಲ ಎಂದರೆ ನೆಲಕ್ಕೆ ಬಿಡುವವರೇ ಇಲ್ಲ. ನನಗೆ ಅಷ್ಟು ಸಾಕು. ಹೀಗೇ ಬೈದು ಬೈದು ಬರೆಯುತ್ತಿರಿ.

ಬೀರೂರಿಗೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದೇನೆ, ಸಿಕ್ಕರೆ ಮನೆಯಿಂದಲೇ ಓಡಾಡಬಹುದು.

ಪ್ರತಿಮಾ


ಅಜ್ಜಂಪುರ
15 ಅಕ್ಟೋಬರ್ 2023

ಪ್ರತಿಮಾ,

ನನ್ನ ಜಾಗಕ್ಕೆ ಬಂದಿರುವ ಅಂಗನವಾಡಿ ಟೀಚರು ವಿದ್ಯಾಶ್ರೀ ನಿನ್ನೆ ಮನೆಗೇ ಬಂದಿದ್ದಳು. "ಅಂಜಿನಮ್ಮೋರೇ, ವೇಣುನ ಒಂದ್ಸಲನಾದ್ರೂ ತೂಕಕ್ಕೆ ಕರ್ಕೊಂಡ್ ಬನ್ನಿ, ರಿಜಿಸ್ಟರಲ್ಲಿ ಅವ್ನ ಕಾಲಂ ಖಾಲಿ ಐತೆ" ಎಂದಳು. "ನಮ್ ಮನೇಲಿ ವೇಣು ಅನ್ನೋರು ಯಾರೂ ಇಲ್ಲ, ಕರಿಯ ಇರೋದು" ಎಂದೆ. ನಕ್ಕು ಹೋದಳು. ನಾನು ಎಷ್ಟು ತಾಯಂದಿರ ಜತೆ ಜಗಳ ಆಡಿ ಮಕ್ಕಳನ್ನು ತಕ್ಕಡಿಗೆ ಹಾಕಿಸಿದ್ದೇನೆ, ಆ ಲೆಕ್ಕ ಬಿಡು. ಮಗುವನ್ನು ತೂಗಿದರೆ ಕಣ್ಣಾಗುತ್ತೆ ಎಂದವರಿಗೆಲ್ಲ "ನಿಮ್ಗೇನ್ ತಲೆ ಕೆಟ್ಟೈತಾ" ಎಂದು ಬೈಯುತ್ತಿದ್ದೆ. ಈಗ ನನ್ನದೇ ತಲೆ ಕೆಟ್ಟಿದೆ, ಅಂದುಕೋ. ನಾಲ್ಕು ಜನರ ಎದುರು ಇವನನ್ನು ಜೋಲಿಗೆ ಹಾಕಿ ಇಷ್ಟು ಕೇಜಿ ಎಂದು ಕೂಗಿಸುವುದು ನನ್ನ ಕೈಯಲ್ಲಿ ಆಗುವುದಿಲ್ಲ.

ನಿನ್ನ ಮಗನ ಕೆಟ್ಟ ಬುದ್ಧಿ ಕೇಳು. ಮುದ್ದೆ ಇಟ್ಟುಕೊಟ್ಟರೆ ಅರ್ಧ ಕೋಳಿಗೆ, ಅರ್ಧ ನೆಲಕ್ಕೆ. ನಿನ್ನ ಮಾವ ಲಗೇಜ್ ಆಟೋ ತೊಳೆಯುವಾಗ ತಾನೂ ತೊಳೆಯಬೇಕು. ಮೊನ್ನೆ ಅವರ ಚಪ್ಪಲಿ ಹಾಕಿಕೊಂಡು, ಎಡಗಾಲಿನದು ಬಲಗಾಲಿಗೆ, ಈರುಳ್ಳಿ ರಾಶಿಯ ಮೇಲೆ ಹತ್ತಿ ಕೂತಿದ್ದ. ಕೆಳಗಿಳಿಸಿದರೆ ಕಚ್ಚಿದ. ದುಷ್ಟ. ದಿನಾ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತೇನೆ. ನಿನ್ನೆ ಮೆಣಸಿನಕಾಯಿ ಒಂದಿಷ್ಟೂ ಘಾಟು ಬರಲಿಲ್ಲ. ಅಷ್ಟು ಕಣ್ಣು ಬಿದ್ದಿತ್ತು.

ಸ್ವೆಟರ್ ಹಾಕಿಕೋ. ಘಟ್ಟದ ಥಂಡಿ ಸುಮ್ಮನೆ ಅಲ್ಲ.

ನಿನ್ನ ಅತ್ತೆ


ಘಟ್ಟದ ಸ್ಟೇಷನ್
29 ಅಕ್ಟೋಬರ್ 2023

ಅತ್ತೆ,

ಈರುಳ್ಳಿ ರಾಶಿಯ ಮೇಲೆ ಕೂತ ದುಷ್ಟನನ್ನು ನೆನೆಸಿಕೊಂಡು ಬಾವುಟ ಹಿಡಿದುಕೊಂಡೇ ನಕ್ಕೆ. ಡ್ರೈವರು ಕಿಟಕಿಯಿಂದ ನನ್ನನ್ನೇ ನೋಡುತ್ತ ಹೋದ. ಹುಚ್ಚಿ ಎಂದುಕೊಂಡಿರಬೇಕು.

ಒಂದು ಕೇಳುತ್ತೇನೆ. ಅಮ್ಮ ಅನ್ನುತ್ತಾನಾ? ನಾನು ಮನೆಯಿಂದ ಹೊರಡುವಾಗ ಅನ್ನುತ್ತಿದ್ದ. ಇದೊಂದನ್ನು ತಿರುಗಿಸದೆ ಬರೆಯಿರಿ.

ದೀಪಾವಳಿಗೆ ಬರಲು ಆಗುವುದಿಲ್ಲ. ಒಂದು ದಿನಕ್ಕೆ ಬಂದು, ಅವನು ನಿದ್ದೆಯಲ್ಲಿದ್ದಾಗ ಕದ್ದು ಹೊರಟು, ಆಮೇಲೆ ಅವನು ಬೀರುವಿನ ಹಿಂದೆ ನನ್ನನ್ನು ಹುಡುಕುವುದು ಬೇಡ. ಬಂದರೆ ತುಂಬ ದಿನಕ್ಕೇ ಬರುತ್ತೇನೆ.

ಪ್ರತಿಮಾ


ಅಜ್ಜಂಪುರ
26 ನವೆಂಬರ್ 2023

ಪ್ರತಿಮಾ,

ಬರೆಯುವುದು ತಡವಾಯಿತು. ಮನೆಯಲ್ಲಿ ಎರಡು ವರ್ಷವೂ ತುಂಬದ ಒಬ್ಬ ಯಜಮಾನ ಇರುವಾಗ ಪೆನ್ನು ಯಾರ ಕೈಗೆ ಸಿಗುತ್ತದೆ? ಇದ್ದ ಪೆನ್ನನ್ನು ಹಿಟ್ಟಿನ ಡಬ್ಬದಲ್ಲಿ ಹುಗಿದಿಟ್ಟಿದ್ದ. ಮೂರು ದಿನದ ಮೇಲೆ ರೊಟ್ಟಿ ತಟ್ಟುವಾಗ ಸಿಕ್ಕಿತು.

ಈಗ ಉಚ್ಚೆ ಬಂದರೆ ಹೇಳುವುದು ಕಲಿತಿದ್ದಾನೆ. ಚಡ್ಡಿ ಹಿಡಿದುಕೊಂಡು ಕುಣಿಯುತ್ತಾನೆ, ನಾವು ಎತ್ತಿಕೊಂಡು ಬಚ್ಚಲಿಗೆ ಓಡಬೇಕು. ಹದಿನೈದು ದಿನದಿಂದ ಹಾಸಿಗೆ ಒಣಗಿದೆ. ಇದನ್ನೇನೂ ಹೊಗಳಿಕೆ ಎಂದು ಬರೆದಿಲ್ಲ. ಬೇರೆ ಮಕ್ಕಳು ಇದಕ್ಕಿಂತ ಮುಂಚೆ ಕಲಿಯುತ್ತವೆ.

ಸ್ಟೇಷನ್ನಿನಲ್ಲಿ ಗಾಡಿ ಕೂಗಿದರೆ ಸಾಕು, ಕೈಯಲ್ಲಿರುವುದನ್ನು ಎಸೆದು ಬಾಗಿಲಿಗೆ ಓಡುತ್ತಾನೆ. ನೀನು ಗಾಡಿಯಲ್ಲಿ ಹೋದವಳಲ್ಲವೇ. ಗಾಡಿ ಹೋದ ಮೇಲೂ ಅಲ್ಲೇ ನಿಂತಿರುತ್ತಾನೆ. "ಬಾರೋ ಒಳಕ್ಕೆ, ಇನ್ನೊಂದ್ ಗಾಡಿಗೆ ಬತ್ತಾಳೆ" ಎಂದು ನಿನ್ನ ಮಾವ ಎತ್ತಿಕೊಂಡು ಬರುತ್ತಾರೆ. ಅಜ್ಜಂಪುರದಲ್ಲಿ ಗಾಡಿಗಳೇನು ಕಡಿಮೆಯೇ? ದಿನಕ್ಕೆ ಎಷ್ಟು ಸಲ ಎಂದು ಸುಳ್ಳು ಹೇಳುವುದು.

ನಿನ್ನ ಮಾವನಿಗೆ ಮೊಣಕಾಲು ನೋವು. ಈ ಸಲ ಆಲೂಗಡ್ಡೆ ಚೆನ್ನಾಗಿ ಬಂದಿದೆಯಂತೆ, ಆಟೋಗೆ ಬಾಡಿಗೆ ಸಿಗುತ್ತಿದೆ.

ನಿನ್ನ ಅತ್ತೆ


ಘಟ್ಟದ ಸ್ಟೇಷನ್
7 ಡಿಸೆಂಬರ್ 2023

ಅತ್ತೆ,

ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ಮರೆತಿರಬೇಕು. ಇರಲಿ.

ಮಾರ್ಚ್ ಹತ್ತಕ್ಕೆ ಅವನು ಎರಡು ತುಂಬಿ ಮೂರಕ್ಕೆ ಬೀಳುತ್ತಾನೆ. ಮನೆದೇವರ ಹತ್ತಿರ ಜವಳ ತೆಗೆಸೋಣ. ಅಷ್ಟರಲ್ಲಿ ಇಪ್ಪತ್ತು ದಿನವಾದರೂ ರಜೆ ಕೂಡಿಡುತ್ತೇನೆ. ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ, ಬಂದ ಮೇಲೆ ಹೇಳುತ್ತೇನೆ, ಈಗ ಹೇಳಿದರೆ ಬೈಯುತ್ತೀರಿ. ಇಪ್ಪತ್ತು ದಿನ ಅವನನ್ನು ಕಂಕುಳಿನಿಂದ ಇಳಿಸುವುದಿಲ್ಲ. ಅವನು ಮೊದಲು ನನ್ನ ಹತ್ತಿರ ಬರದಿದ್ದರೂ ಪರವಾಗಿಲ್ಲ, ಎರಡು ದಿನ ಕಾಯುತ್ತೇನೆ.

ಒಂದು ಕೆಂಪು ಜುಬ್ಬ ತೆಗೆದುಕೊಂಡಿದ್ದೇನೆ. ಎರಡು ವರ್ಷದ ಮಗುವಿನ ಅಳತೆ ಕೇಳಿದೆ, ನೀವು ಮೈ ಹತ್ತುವುದಿಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೇ ಒಂದು ಅಳತೆ ದೊಡ್ಡದೇ ತೆಗೆದುಕೊಂಡೆ.

ಪ್ರತಿಮಾ


ಅಜ್ಜಂಪುರ
3 ಜನವರಿ 2024

ಪ್ರತಿಮಾ,

ಜುಬ್ಬದ ವಿಷಯ ಓದಿ ನಿನ್ನ ಮಾವ ನಕ್ಕರು. ನಾನು ನಗಲಿಲ್ಲ.

ಕರಿಯ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ. ಕಲಿತದ್ದೆಲ್ಲ ಮರೆತ. ರಾತ್ರಿಗೆ ಮೂರು ಸಲ ಹಾಸಿಗೆ ಬದಲಾಯಿಸುತ್ತೇನೆ. ನೀರು ಬಹಳ ಕೇಳುತ್ತಾನೆ. ಚೆಂಬನ್ನು ಎರಡು ಕೈಯಲ್ಲಿ ಹಿಡಿದು ಕುಡಿದರೆ ಉಸಿರು ತೆಗೆದುಕೊಳ್ಳುವುದಿಲ್ಲ. ಕೊಡುವುದು ತಡವಾದರೆ ಕೋಳಿಯ ಬಟ್ಟಲಿಗೇ ಬಾಯಿ ಹಾಕುತ್ತಾನೆ. ಇದೇನು ಚೇಷ್ಟೆಯೋ, ಏನೋ. ಅಂಗಳದಲ್ಲಿ ಉಚ್ಚೆ ಮಾಡಿದರೆ ಅಲ್ಲಿ ಇರುವೆ ಮುತ್ತಿಕೊಳ್ಳುತ್ತವೆ. ಇಷ್ಟು ವರ್ಷ ಮಕ್ಕಳ ನಡುವೆ ಇದ್ದೆ, ಇದನ್ನು ನೋಡಿರಲಿಲ್ಲ.

ಸೊರಗಿದ್ದಾನೆ. ಪಕ್ಕದ ಮನೆಯ ಪಾಪಮ್ಮ "ಜಂತು ಆಗಿರ್ಬೇಕು ಕಣೇ, ತಿಂದಿದ್ದೆಲ್ಲ ಅವೇ ತಿಂತಾವೆ" ಎಂದಳು. ಜಂತಿನ ಔಷಧಿ ಕುಡಿಸಿದ್ದೇನೆ. ಕೆನ್ನೆಗೆ ದೊಡ್ಡ ಬೊಟ್ಟು ಇಡುತ್ತಿದ್ದೇನೆ.

ಬಿಡುವಾದರೆ ಒಂದು ಸಲ ಬಂದು ನೋಡಿಕೊಂಡು ಹೋಗು.

ನಿನ್ನ ಅತ್ತೆ


ಘಟ್ಟದ ಸ್ಟೇಷನ್
13 ಜನವರಿ 2024

ಅತ್ತೆ,

ಕಾಗದ ಓದಿ ನಗು ಬಂತು. ಇರುವೆ ಮುತ್ತದೆ ಇರುತ್ತವೆಯೇ, ನನ್ನ ಮಗ ಸಕ್ಕರೆಯಲ್ಲವೇ? ಈ ಸಲದ ಬೈಗುಳ ಎಲ್ಲಕ್ಕಿಂತ ಚೆನ್ನಾಗಿತ್ತು, ಕೋಳಿಯ ಬಟ್ಟಲಂತೂ ಧರ್ಮೇಶನಿಗೂ ಓದಿ ಹೇಳಿದೆ. ಅವನ ಹೆಂಡತಿಗೆ ಈಗ ಏಳು ತಿಂಗಳು. "ನಮ್ಮ ಮನೇಲೂ ನಿಮ್ಮತ್ತೆ ಥರ ಬೈಯೋರು ಒಬ್ರು ಬೇಕು" ಎಂದ.

ಬಂದು ನೋಡಿಕೊಂಡು ಹೋಗು ಎಂದು ನೀವು ಕರೆದದ್ದು ನನಗೆ ಅರ್ಥವಾಗುತ್ತದೆ. ಹಬ್ಬದ ಹೊತ್ತಿಗೆ ಸೊಸೆ ಮನೆಯಲ್ಲಿರಲಿ ಎಂದು. ನನಗೂ ಆಸೆಯಿಲ್ಲವೇ? ಇನ್ನು ಎಂಟೇ ವಾರ. ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಹಾಕುತ್ತಿದ್ದೇನೆ. ಮಧ್ಯೆ ಬಂದರೆ ಕೂಡಿಟ್ಟ ದಿನಗಳು ಹೋಗುತ್ತವೆ.

ಎಳ್ಳು ಬೆಲ್ಲ ಅವನ ಬಾಯಿಗೆ ಒಂದು ಚಿಟಿಕೆ ಹೆಚ್ಚೇ ಹಾಕಿ, ನನ್ನ ಪಾಲಿನದು.

ಪ್ರತಿಮಾ


ಅಜ್ಜಂಪುರ
22 ಜನವರಿ 2024

ಪ್ರತಿಮಾ,

ನಾನೇ ಕರಿಯನನ್ನು ಎತ್ತಿಕೊಂಡು ಅಂಗನವಾಡಿಗೆ ಹೋದೆ. ವಿದ್ಯಾಶ್ರೀ ಜೋಲಿ ಸರಿ ಮಾಡಿದಳು. ಒಂಬತ್ತು ಕೇಜಿ ಮುನ್ನೂರು ಗ್ರಾಂ. ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನೀನು ಹೊರಡುವ ಹಿಂದಿನ ದಿನ ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ ಆಟಕ್ಕೆ ಕೂರಿಸಿದ್ದೆವಲ್ಲ, ಆವತ್ತೇ ಹತ್ತೂವರೆ ಇದ್ದ. ಚಾರ್ಟಿನಲ್ಲಿ ಅವನ ಚುಕ್ಕಿ ಹಸಿರು ಬಿಟ್ಟು ಹಳದಿಯಲ್ಲಿ ಬಿತ್ತು. "ಡಾಕ್ಟ್ರಿಗೆ ತೋರ್ಸಿ ಅಂಜಿನಮ್ಮೋರೇ" ಎಂದಳು. ನಾನು ಎಷ್ಟು ಜನರಿಗೆ ಹೇಳಿದ ಮಾತು.

ಇಲ್ಲಿಯ ಡಾಕ್ಟರಿಗೆ ತೋರಿಸಿದ್ದೇನೆ. ಟಾನಿಕ್ ಬರೆದುಕೊಟ್ಟರು. ಗಾಡಿ ಕೂಗಿದರೆ ಈಗ ಎದ್ದು ಓಡುವುದಿಲ್ಲ, ಮಲಗಿದ ಕಡೆಯಿಂದಲೇ ಬಾಗಿಲ ಕಡೆ ನೋಡುತ್ತಾನೆ.

ಬಾಯಿಂದ ಬರಬಾರದ ಮಾತು ಬಂದುಬಿಟ್ಟರೆ ಎಂದು ಹೆದರಿಕೆ. ಅದಕ್ಕೇ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನೀನು ಜಾಣೆ, ಅರ್ಥ ಮಾಡಿಕೋ.

ನಿನ್ನ ಅತ್ತೆ


ಘಟ್ಟದ ಸ್ಟೇಷನ್
31 ಜನವರಿ 2024

ಅತ್ತೆ,

ಅಂತೂ ತೂಕಕ್ಕೆ ಹಾಕಿದಿರಿ! ವಿದ್ಯಾಶ್ರೀ ಗೆದ್ದಳು. ಆದರೆ ಅತ್ತೆ, ಇಪ್ಪತ್ತೆಂಟು ವರ್ಷ ರಿಜಿಸ್ಟರು ಬರೆದವರು ಮೊಮ್ಮಗನ ತೂಕದಲ್ಲೂ ಕಣ್ಣಿಗೆ ಹೆದರಿ ಎರಡು ಮೂರು ಕೇಜಿ ಕಡಿಮೆ ಬರೆಯುವುದೇ? ಹನ್ನೆರಡು ಇರಬೇಕು ಎಂದುಕೊಂಡಿದ್ದೇನೆ. ಹನ್ನೆರಡು ಕೇಜಿಯನ್ನು ಕಂಕುಳಲ್ಲಿ ಹೊರಲು ಈಗಿನಿಂದಲೇ ನೀರಿನ ಕ್ಯಾನು ಎತ್ತಿ ಅಭ್ಯಾಸ ಮಾಡುತ್ತಿದ್ದೇನೆ.

ಟಾನಿಕ್ ಕೊಡಿ, ಒಳ್ಳೆಯದೇ. ಇನ್ನು ಐದೂವರೆ ವಾರ.

ಪ್ರತಿಮಾ


ಅಜ್ಜಂಪುರ
5 ಫೆಬ್ರವರಿ 2024

ಪ್ರತಿಮಾ,

ಈ ಕಾಗದವನ್ನು ಬರೆದ ಹಾಗೇ ಓದು, ತಿರುಗಿಸಬೇಡ. ಕರಿಯ ಸೊರಗಿದ್ದಾನೆ ಎಂದರೆ ಸೊರಗಿದ್ದಾನೆ. ಏಳುವುದಿಲ್ಲ ಎಂದರೆ ಏಳುವುದಿಲ್ಲ. ನಿನ್ನೆ ಭಾನುವಾರ ನಿನ್ನ ಮಾವ ಎಂಟು ಸಲ ಫೋನು ಮಾಡಿದರು. ಸಿಗಲಿಲ್ಲ. ಭಾನುವಾರ ನೀನು ಸಕಲೇಶಪುರಕ್ಕೆ ಇಳಿಯುತ್ತಿದ್ದೆಯಲ್ಲ?

ಕೆಲಸ ಹೋದರೆ ಹೋಗಲಿ. ಬಾ.

ಅತ್ತೆ


ಘಟ್ಟದ ಸ್ಟೇಷನ್
17 ಮಾರ್ಚ್ 2024

ಅತ್ತೆಗೆ,

ನಿನ್ನೆ ಡ್ಯೂಟಿಗೆ ಬಂದೆ. ನನ್ನ ಖಾನೆಯಲ್ಲಿ ನಿಮ್ಮ ಕೊನೆಯ ಕಾಗದ ಇತ್ತು. ನೀವು ಬರೆದದ್ದು ಫೆಬ್ರವರಿ ಐದನೇ ತಾರೀಕು. ಸಕಲೇಶಪುರದ ಮುದ್ರೆ ಹತ್ತನೇ ತಾರೀಕಿನದು. ಅವನನ್ನು ಮಣ್ಣು ಮಾಡಿದ್ದು ಒಂಬತ್ತರ ಸಂಜೆ.

ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಡಿಸೆಂಬರಿನಿಂದ ನಾನು ವಾರದ ರಜೆಗೆ ಇಳಿದೇ ಇಲ್ಲ. ಧರ್ಮೇಶನ ಹೆಂಡತಿ ಬಸುರಿ, ಅವನಿಗೆ ವಾರ ವಾರ ಊರಿಗೆ ಹೋಗಬೇಕಿತ್ತು. ಅವನ ಭಾನುವಾರದ ಡ್ಯೂಟಿಗಳನ್ನು ನಾನು ಮಾಡಿದೆ, ಮಾರ್ಚಿನಲ್ಲಿ ಅವನು ನನ್ನವನ್ನು ಮಾಡುವುದೆಂದು ಮಾತಾಗಿತ್ತು. ಇದೇ ನಾನು ಕಂಡುಕೊಂಡ ದಾರಿ. ಮಾವ ಎಂಟು ಸಲ ಫೋನು ಮಾಡಿದಾಗ ನಾನು ಸುರಂಗದ ಬಾಯಲ್ಲಿ ಬಾವುಟ ಹಿಡಿದು ನಿಂತಿದ್ದೆ. ಕೊನೆಗೆ ಅವರು ಬೀರೂರು ಸ್ಟೇಷನ್ನಿಗೆ ಹೋಗಿ ಕಾಲು ಹಿಡಿದುಕೊಂಡ ಮೇಲೆ ಕಂಟ್ರೋಲ್ ಫೋನಿನಲ್ಲಿ ಸುದ್ದಿ ಬಂತು. "ಮಗು ಸೀರಿಯಸ್ ಅಂತಮ್ಮಾ, ಶಿವಮೊಗ್ಗಕ್ಕೆ ಹೋಗ್ಬೇಕಂತೆ" ಎಂದು ಸ್ಟೇಷನ್ ಮಾಸ್ಟರು ಹೇಳಿದಾಗಲೂ ಒಂದು ಕ್ಷಣ ಅದನ್ನು ತಿರುಗಿಸಿ ನೋಡಿದೆ. ಅಷ್ಟು ಅಭ್ಯಾಸವಾಗಿತ್ತು.

ಶಿವಮೊಗ್ಗದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ನೀರು ಜಾಸ್ತಿ ಕುಡೀತಿದ್ನಾ? ಹೌದು. ಹಾಸಿಗೆ ಒದ್ದೆ ಮಾಡ್ತಿದ್ನಾ? ಹೌದು. ತೂಕ ಇಳಿದಿತ್ತಾ? ಹೌದು. ಇರುವೆ? ಅವರು ಕೇಳಿದ ಒಂದೊಂದಕ್ಕೂ ನನ್ನ ಬಳಿ ಉತ್ತರ ಇತ್ತು. ಎಲ್ಲವನ್ನೂ ನೀವು ಬರೆದಿದ್ದಿರಿ. "ಇಷ್ಟ್ ಚಿಕ್ಕ ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತೆ ಕಣಮ್ಮ. ಹದಿನೈದು ದಿನ ಮುಂಚೆ ಬಂದಿದ್ರೆ ಇನ್ಸುಲಿನ್ ಕೊಟ್ಟು ಉಳಿಸ್ಕೊಬಹುದಿತ್ತು" ಎಂದರು. ಹದಿನೈದು ದಿನ ಮುಂಚೆ ನಾನು ನಗುತ್ತಿದ್ದೆ. ಧರ್ಮೇಶನಿಗೆ ಓದಿ ಹೇಳುತ್ತಿದ್ದೆ.

ನಿಮ್ಮ ಮೇಲೆ ಸಿಟ್ಟಿದೆ ಅತ್ತೆ. ಮುಚ್ಚಿಡುವುದಿಲ್ಲ. ನನ್ನ ಮೇಲೂ ಇದೆ. ಬೀರೂರಿಗೆ ವರ್ಗದ ಆದೇಶ ಬಂದಿದೆ. ಬೇಡ ಎಂದು ಬರೆದುಕೊಟ್ಟೆ. ಆ ಮನೆಯ ಬಾಗಿಲಲ್ಲಿ ನನಗೆ ನಿಲ್ಲಲಾಗುವುದಿಲ್ಲ.

ಪ್ರತಿಮಾ


ಅಜ್ಜಂಪುರ
28 ಮಾರ್ಚ್ 2024

ಪ್ರತಿಮಾ,

ಸಿಟ್ಟು ಇಟ್ಟುಕೋ. ನೀನು ಸಿಟ್ಟು ಮಾಡಿಕೊಳ್ಳದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ನಿನ್ನ ಮಾವ ಒಂದು ಮಾತೂ ಬೈಯುವುದಿಲ್ಲ. ಬೆಳಿಗ್ಗೆ ಆಟೋ ತೊಳೆಯುತ್ತಾರೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ.

ನೀನು ಒಂದು ಹೇಳಿದೆ, ನಾನೂ ಹೇಳುತ್ತೇನೆ. ಹೇಳಿದ ಮೇಲೆ ನೀನು ಈ ಕಡೆ ತಲೆ ಹಾಕದಿದ್ದರೂ ಸರಿ. ಜನವರಿಯಲ್ಲಿ ಅವನು ನೀರು ನೀರು ಎನ್ನುವಾಗ, ಸುಸ್ತಾಗಿದ್ದಾನೆ ಎಂದು ಗ್ಲೂಕೋಸ್ ಪುಡಿ ತಂದು ಕಲಸಿ ಕುಡಿಸಿದೆ. ಬೆಲ್ಲದ ಪಾನಕ ಮಾಡಿ ಕುಡಿಸಿದೆ. ಕುಡಿದಷ್ಟೂ ಕೇಳುತ್ತಿದ್ದ, ಕೇಳಿದಷ್ಟೂ ಕೊಟ್ಟೆ. ನಿನ್ನ ಪಾಲಿನ ಎಳ್ಳುಬೆಲ್ಲವನ್ನೂ ಹಾಕಿದೆ. ಡಾಕ್ಟರು ಸಕ್ಕರೆ ಎಂದಾಗ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಈ ಕೈಯಿಂದಲೇ ಕುಡಿಸಿದ್ದು ಕಣೇ. ಊರ ಮಕ್ಕಳನ್ನೆಲ್ಲ ತೂಗಿದ ಕೈ.

ಇನ್ನೊಂದು. ನೀನು ಅಕ್ಟೋಬರಿನಲ್ಲಿ ಕೇಳಿದ್ದನ್ನು ನಾನು ಮರೆತಿರಲಿಲ್ಲ. ಅಮ್ಮ ಅನ್ನುತ್ತಿದ್ದ. ನನ್ನನ್ನು ಅನ್ನುತ್ತಿದ್ದ. ತಿದ್ದಬೇಕಿತ್ತು, ತಿದ್ದಲಿಲ್ಲ. ಹಾಲೇಶ ಹೋದ ಮೇಲೆ ಹಾಗೆ ಕರೆಯುವವರು ಯಾರೂ ಇರಲಿಲ್ಲ, ಕೇಳಲು ಹಿತವಾಗಿತ್ತು. ನಿನಗೆ ಬರೆದರೆ ನೀನು ಮರುದಿನವೇ ಬಂದು ಅವನನ್ನು ಕರೆದುಕೊಂಡು ಹೋಗುತ್ತೀಯ ಎಂದು ಹೆದರಿದೆ. ಬರೆದಿದ್ದರೆ ನೀನು ಬರುತ್ತಿದ್ದೆ. ಬಂದಿದ್ದರೆ ಅವನನ್ನು ನೀನೇ ಕಣ್ಣಾರೆ ನೋಡುತ್ತಿದ್ದೆ. ಇದನ್ನೇ ಯೋಚಿಸುತ್ತ ಕೂರುತ್ತೇನೆ.

ಕಣ್ಣು ಬೀಳದಿರಲಿ ಎಂದು ನಾನು ಮಾಡಿದ್ದು ಒಂದೂ ಅವನನ್ನು ಕಾಯಲಿಲ್ಲ. ಅವನನ್ನು ಕಾಯಬಹುದಾಗಿದ್ದ ಒಂದೇ ಒಂದು ಮಾತನ್ನು, ಮಗುವಿಗೆ ಹುಷಾರಿಲ್ಲ ಎನ್ನುವುದನ್ನು, ನೀನು ನಂಬದ ಹಾಗೆ ಮಾಡಿದವಳು ನಾನು.

ಅತ್ತೆ


ಘಟ್ಟದ ಸ್ಟೇಷನ್
21 ಏಪ್ರಿಲ್ 2024

ಅತ್ತೆ,

ಗ್ಲೂಕೋಸ್ ವಿಷಯ ಓದಿ ನಾಲ್ಕು ದಿನ ಕಾಗದವನ್ನು ಮುಟ್ಟಲಿಲ್ಲ. ನಾನಿದ್ದರೂ ಅದನ್ನೇ ಕುಡಿಸುತ್ತಿದ್ದೆ. ಅಮ್ಮ ಎಂದದ್ದಕ್ಕೆ ಮಾತ್ರ ಹೊಟ್ಟೆ ಉರಿಯಿತು. ಆಮೇಲೆ, ಅವನು ಆ ಮಾತನ್ನು ಯಾರಿಗೋ ಒಬ್ಬರಿಗೆ ಹೇಳುತ್ತಿದ್ದನಲ್ಲ ಎಂದುಕೊಂಡೆ.

ನಿನ್ನೆ ನಿಮ್ಮ ಕಾಗದಗಳನ್ನೆಲ್ಲ ತೆಗೆದು ಕೂತೆ. ಆ ಐದು ತಿಂಗಳ ನನ್ನ ಮಗ ನನಗೆ ಗೊತ್ತಿಲ್ಲ ಅತ್ತೆ. ಫೋಟೊ ಇಲ್ಲ. ಕಾಗದದಲ್ಲಿ ಇರುವುದು ಕಪ್ಪು ಮೂತಿಯ ಒಂದು ದುಷ್ಟ ಮಗು. ಮೊದಲ ಕಾಗದಗಳನ್ನು ತಿರುಗಿಸಿ ಓದಬೇಕು, ಕೊನೆಯವನ್ನು ತಿರುಗಿಸಬಾರದು, ಎಲ್ಲಿಂದ ತಿರುಗಿಸುವುದನ್ನು ನಿಲ್ಲಿಸಬೇಕೋ ತಿಳಿಯುವುದಿಲ್ಲ. ಓದಿ ಓದಿ ತಲೆ ಕೆಡುತ್ತದೆ.

ಅವನು ಹೇಗಿದ್ದ? ಇದ್ದ ಹಾಗೆ ಬರೆಯಿರಿ.

ಪ್ರತಿಮಾ


ಅಜ್ಜಂಪುರ
3 ಮೇ 2024

ಪ್ರತಿಮಾ,

ನಾಲ್ಕು ಸಲ ಬರೆಯಲು ಕೂತು ಎದ್ದೆ. ಈ ಥರ ಬರೆದು ಅಭ್ಯಾಸವಿಲ್ಲ. ಕೈ ತಡೆಯುತ್ತದೆ.

ಅವನು ಕಪ್ಪಗಿರಲಿಲ್ಲ. ರಾಗಿ ಹುರಿದಾಗ ಬರುವ ಬಣ್ಣ, ಹಾಲೇಶನದೇ. ಸ್ನಾನ ಮಾಡಿಸಿ ಬಿಸಿಲಿಗೆ ನಿಲ್ಲಿಸಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಕೆನ್ನೆ ಎರಡೂ ತುಂಬಿಕೊಂಡಿದ್ದವು. ನಕ್ಕರೆ ಎಡಗಡೆ ಮಾತ್ರ ಗುಳಿ ಬೀಳುತ್ತಿತ್ತು. ಕೂದಲು ಸುರುಳಿ ಸುರುಳಿಯಾಗಿ ಹೆಗಲಿಗೆ ಬಂದಿತ್ತು, ಬೀದಿಯ ಹುಡುಗಿಯರು ಜಡೆ ಹಾಕಲು ಕಾದಿರುತ್ತಿದ್ದರು.

ಕಚ್ಚಿದ ಎಂದು ಬರೆದಿದ್ದೆನಲ್ಲ, ಸುಳ್ಳು. ಯಾರನ್ನೂ ಒಂದು ದಿನವೂ ಕಚ್ಚಿದವನಲ್ಲ. ಈರುಳ್ಳಿ ರಾಶಿಯಿಂದ ಇಳಿಸಿದಾಗ ನನ್ನ ಕೊರಳು ತಬ್ಬಿ ಮುತ್ತು ಕೊಟ್ಟ. ಅರ್ಧ ಮುದ್ದೆ ಕೋಳಿಗೆ ಎಂದದ್ದು ನಿಜ. ಆದರೆ ಅದು ಚೆಲ್ಲಾಟವಲ್ಲ, ಕೋಳಿ ಎದುರಿಗೆ ಬಂದು ನಿಂತರೆ ಕೊಡದೆ ತಿನ್ನಲು ಅವನಿಗೆ ಆಗುತ್ತಿರಲಿಲ್ಲ. ಪಾಪಮ್ಮನ ಮನೆಯ ಎತ್ತಿಗೂ ಬಿಸ್ಕತ್ತು ಕೊಡುತ್ತಿದ್ದ. ನಿನ್ನ ಮಾವನಿಗೆ ಮೊಣಕಾಲು ನೋವು ಬಂದಾಗ ಹತ್ತಿರ ಕೂತು "ಉಫ್ ಉಫ್" ಎಂದು ಊದುತ್ತಿದ್ದ. ಅವರು ನೋವು ಹೋದ ಮೇಲೂ ಹೋಗಿಲ್ಲ ಎನ್ನುತ್ತಿದ್ದರು.

ಜಾಣ. ಪೆನ್ನು ಹುಗಿದಿಟ್ಟದ್ದು ಯಾಕೆ ಗೊತ್ತೇ? ನಾನು ಬರೆಯಲು ಕೂತರೆ ಅವನ ಜತೆ ಆಡುತ್ತಿರಲಿಲ್ಲ, ಅದಕ್ಕೆ. ಹದಿನೈದು ಮಾತು ಬರುತ್ತಿತ್ತು, ನಾನು ಗುಟ್ಟಾಗಿ ಎಣಿಸಿಟ್ಟಿದ್ದೆ. ನಿನ್ನ ಹಳೆಯ ನೀಲಿ ಸೀರೆಯನ್ನು ಹೊದೆಸಿದರೆ ಮಾತ್ರ ನಿದ್ದೆ. ಬೇರೆ ಯಾವುದು ಹೊದೆಸಿದರೂ ಕಾಲಲ್ಲಿ ತಳ್ಳಿ "ಅದು" ಎನ್ನುತ್ತಿದ್ದ. ನನ್ನನ್ನು ಅಮ್ಮ ಎಂದರೂ, ಕೇಳುತ್ತಿದ್ದದ್ದು ನಿನ್ನ ಸೀರೆಯನ್ನೇ. ಈಗಲೂ ಅದು ಅವನ ಜತೆಯೇ ಇದೆ, ಸುತ್ತಿ ಕಳಿಸಿದವಳು ನಾನೇ.

ಚೆಂದ ಇದ್ದ ಕಣೇ ಪ್ರತಿಮಾ. ನಿನ್ನ ಮಗ ತುಂಬ ಚೆಂದ ಇದ್ದ. ನನ್ನ ಅಂಗನವಾಡಿಯ ಅಷ್ಟು ವರ್ಷಗಳಲ್ಲಿ ಅಂಥ ಮಗುವನ್ನು ನಾನು ಎತ್ತಿಕೊಂಡಿರಲಿಲ್ಲ. ದಿನಕ್ಕೆ ನೂರು ಸಲ ಹೇಳಬೇಕೆನಿಸುತ್ತಿತ್ತು, ಒಂದು ಸಲವೂ ಅವನ ಕಿವಿಗೆ ಹೇಳಲಿಲ್ಲ.

ಇದನ್ನು ಧರ್ಮೇಶನಿಗೆ ಓದಿ ಹೇಳು. ಸ್ಟೇಷನ್ ಮಾಸ್ಟರಿಗೆ ಓದಿ ಹೇಳು. ಬಂದು ಹೋಗುವವರ ಎದುರು ಗಟ್ಟಿಯಾಗಿ ಓದು. ಇನ್ನು ನನಗೆ ಯಾರ ಕಣ್ಣಿನ ಹೆದರಿಕೆಯೂ ಇಲ್ಲ.

ನಿನ್ನ ಅತ್ತೆ
ಅಂಜಿನಮ್ಮ